ಫೋಟೊ ತುಂಬುವ ಮೊದಲು ಡಿಸ್ಕ್ ಹದ ಮಾಡುವುದು

ಕ್ಯಾಮೆರಾದ ಮೆಮೊರಿ ಕಾರ್ಡ್‌ನಲ್ಲಿರುವ ಚಿತ್ರಗಳನ್ನು ಲ್ಯಾಪ್‌ಟಾಪ್‌ನ ಹಂಗಿಲ್ಲದೆ ನೇರವಾಗಿ ಇಳಿಸಿಕೊಳ್ಳುವ ಕೈಯಳತೆಯ ಪೆಟ್ಟಿಗೆಗೆ ಪೋರ್ಟಬಲ್ ಫೋಟೊ ಸ್ಟೋರೇಜ್ ಎನ್ನುತ್ತಾರೆ. 2004ರಲ್ಲಿ ಎಪ್ಸನ್ ಕಂಪನಿ ತಂದ ಪಿ-2000 ಈ ಜಾತಿಯಲ್ಲಿ ಹೆಸರು ಮಾಡಿದ ಯಂತ್ರ. ಅದರಲ್ಲಿ 40 ಜಿಬಿ ಹಾರ್ಡ್ ಡಿಸ್ಕ್, 3.8 ಇಂಚಿನ ಪರದೆ, ಕಾಂಪ್ಯಾಕ್ಟ್ ಫ್ಲ್ಯಾಷ್ ಮತ್ತು ಎಸ್‌ಡಿ ಕಾರ್ಡ್‌ಗಳೆರಡಕ್ಕೂ ಜಾಗ ಇದ್ದವು. ಆಗ ಕಾರ್ಡ್‌ಗಳು ದುಬಾರಿ, ಹಿಡಿಸುತ್ತಿದ್ದುದೂ ಕಡಿಮೆ. ರಾತ್ರಿ ಕಾರ್ಡ್ ಖಾಲಿ ಮಾಡದಿದ್ದರೆ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೇರಿಸಿ ಪ್ರಯೋಜನವಿರಲಿಲ್ಲ. ಹತ್ತು ವರ್ಷದ ನಂತರ ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಪಾಸ್‌ಪೋರ್ಟ್ ವೈರ್‌ಲೆಸ್ ಬರುವ ಹೊತ್ತಿಗೆ ಪರದೆ ಹೋಗಿ ವೈ-ಫೈ ಬಂದಿತ್ತು. ಕಾರ್ಡ್ ಸಿಕ್ಕಿಸಿದರೆ ಒಳಗಿನ ಡಿಸ್ಕ್‌ಗೆ ನಕಲು ಆಗುತ್ತಿತ್ತು, ಫೋನಿನಲ್ಲಿ ಚಿತ್ರ ನೋಡಬಹುದಿತ್ತು. ಈಗ ಬಹಳ ಜನರ ಮಟ್ಟಿಗೆ ಫೋನು ಅಥವಾ ಟ್ಯಾಬ್ಲೆಟ್ಟೇ ಆ ಪೆಟ್ಟಿಗೆಯ ಕೆಲಸ ಮಾಡುತ್ತದೆ. ಒಂದು ತುದಿಗೆ ಕಾರ್ಡ್ ರೀಡರ್, ಇನ್ನೊಂದು ತುದಿಗೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ನಡುವೆ ಒಂದು ಯುಎಸ್‌ಬಿ ಹಬ್ ಇದ್ದರೆ ಸಾಕು. 45 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ ಸುಮಾರು 50 ಎಂಬಿ ತೂಗುತ್ತದೆ. ಕಬಿನಿಯ ಹಿನ್ನೀರಿನಲ್ಲಿ ಆನೆ ಹಿಂಡು ಕಂಡ ಒಂದೇ ಸಂಜೆಗೆ ಸಾವಿರ ಕ್ಲಿಕ್ ಆದರೆ 50 ಜಿಬಿ ತುಂಬಿತು. ಹಾಗಾಗಿ ಕಾರ್ಡ್‌ಗಳು ಎಷ್ಟೇ ಅಗ್ಗವಾದರೂ ಈ ಪೆಟ್ಟಿಗೆಯ ಅಗತ್ಯ ತೀರಿಲ್ಲ.

ತೊಡಕು ಶುರುವಾಗುವುದು ಅಂಗಡಿಯಿಂದ ತಂದ ಡಿಸ್ಕನ್ನು ಹಾಗೆಯೇ ಸಿಕ್ಕಿಸಿದಾಗ. ಸಾಧನ ಅದನ್ನು ಗುರುತಿಸುವುದಿಲ್ಲ. ಗುರುತಿಸಿದರೂ ಓದುತ್ತದೆಯೇ ಹೊರತು ಬರೆಯಲೊಲ್ಲದು. ಡಿಸ್ಕ್ ಕೆಟ್ಟಿದೆಯೆಂದು ಅಂಗಡಿಗೆ ಮರಳಿಸುವವರೂ ಇದ್ದಾರೆ. ಬಹಳಷ್ಟು ಸಲ ಕೆಟ್ಟಿರುವುದು ಏನೂ ಇಲ್ಲ. ಡಿಸ್ಕ್‌ನ ಮೇಲೆ ಲೆಕ್ಕ ಇಟ್ಟಿರುವ ಪದ್ಧತಿ ಒಂದು, ಸಾಧನಕ್ಕೆ ತಿಳಿದಿರುವ ಪದ್ಧತಿ ಇನ್ನೊಂದು, ಅಷ್ಟೇ. ಆ ಪದ್ಧತಿಯನ್ನು ಬದಲಾಯಿಸುವುದೇ ಫಾರ್ಮ್ಯಾಟ್.

ಲೆಕ್ಕದ ಪುಸ್ತಕ

ಹಾರ್ಡ್ ಡಿಸ್ಕ್‌ಗೆ ಫೋಟೊ ಎಂದರೇನೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದರ ಪಕ್ಕ ಒಂದಿರುವ ಸೆಕ್ಟರ್‌ಗಳು ಮಾತ್ರ. ಒಂದೊಂದರಲ್ಲಿ 512 ಅಥವಾ 4,096 ಬೈಟ್ ಹಿಡಿಸುತ್ತದೆ. ಅವುಗಳಲ್ಲಿ ಕೆಲವನ್ನು ಒಟ್ಟುಗೂಡಿಸಿ ಕ್ಲಸ್ಟರ್ ಎಂಬ ತುಂಡು ಮಾಡಿ, ಯಾವ ಫೈಲ್ ಯಾವ ತುಂಡುಗಳಲ್ಲಿ ಇದೆ, ಯಾವ ತುಂಡು ಖಾಲಿ ಇದೆ ಎಂದು ಬರೆದಿಟ್ಟುಕೊಳ್ಳುವ ವ್ಯವಸ್ಥೆಯೇ ಫೈಲ್ ಸಿಸ್ಟಮ್. ಸರ್ವೆ ನಂಬರು, ಹಿಡುವಳಿದಾರನ ಹೆಸರು, ವಿಸ್ತೀರ್ಣ ಬರೆದಿರುವ ಪಹಣಿ ಇದ್ದ ಹಾಗೆ. ಪಹಣಿ ಪುಸ್ತಕ ಹರಿದು ಹೊಸದು ಬರೆದರೆ ಹೊಲ ಎಲ್ಲಿಗೂ ಹೋಗುವುದಿಲ್ಲ, ಆದರೆ ಯಾವುದು ಯಾರದೆಂದು ಹೇಳಲು ದಾಖಲೆ ಉಳಿಯುವುದಿಲ್ಲ. ಕ್ವಿಕ್ ಫಾರ್ಮ್ಯಾಟ್‌ನಲ್ಲಿ ಆಗುವುದು ಇಷ್ಟೇ. ಹಳೆಯ ಲೆಕ್ಕ ಅಳಿಸಿ ಖಾಲಿ ಲೆಕ್ಕ ಬರೆಯಲಾಗುತ್ತದೆ. ಫೋಟೊಗಳ ಬೈಟ್‌ಗಳು ಹೊಸದೇನಾದರೂ ಅವುಗಳ ಮೇಲೆ ಬಂದು ಕೂರುವವರೆಗೆ ಅಲ್ಲೇ ಬಿದ್ದಿರುತ್ತವೆ.

ಪೂರ್ಣ ಫಾರ್ಮ್ಯಾಟ್‌ನ ಕಥೆ ಬೇರೆ. ವಿಂಡೋಸ್ ವಿಸ್ತಾದಿಂದ ಈಚೆಗೆ ಪೂರ್ಣ ಫಾರ್ಮ್ಯಾಟ್ ಎಂದರೆ ಡಿಸ್ಕ್‌ನ ಉದ್ದಗಲಕ್ಕೂ ಸೊನ್ನೆ ಬರೆಯುವುದು. ಎಕ್ಸ್‌ಪಿ ಕಾಲದಲ್ಲಿ ಅದು ಕೆಟ್ಟ ಸೆಕ್ಟರ್‌ಗಳನ್ನು ಹುಡುಕುತ್ತಾ ಓದಿಕೊಂಡು ಹೋಗುತ್ತಿತ್ತೇ ಹೊರತು ಸೊನ್ನೆ ತುಂಬುತ್ತಿರಲಿಲ್ಲ. ಸೆಕೆಂಡಿಗೆ 100 ಎಂಬಿ ಬರೆಯುವ 1 ಟಿಬಿ ಡಿಸ್ಕ್‌ಗೆ ಈ ಕೆಲಸ ಮುಗಿಸಲು ಮೂರು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಹೊಸ ಡಿಸ್ಕ್‌ಗೆ ಕ್ವಿಕ್ ಸಾಕು. ಎಲ್ಲಿಂದಲೋ ಬಂದ ಹಳೆಯ ಡಿಸ್ಕ್ ಆದರೆ, ಅಥವಾ ಬೇರೆಯವರಿಗೆ ಕೊಡಬೇಕಾಗಿರುವ ಡಿಸ್ಕ್ ಆದರೆ, ಆ ಮೂರು ಗಂಟೆ ವ್ಯರ್ಥವಲ್ಲ.

ಐದಾರು ಪದ್ಧತಿಗಳು, ಅವುಗಳ ಹಿಂದಿನ ರಾಜಕೀಯ

ಫ್ಯಾಟ್ ಎಂಬ ಪದ್ಧತಿ ಹುಟ್ಟಿದ್ದು 1977ರಲ್ಲಿ, ಮೈಕ್ರೋಸಾಫ್ಟ್‌ನಲ್ಲಿ, ಫ್ಲಾಪಿಗಳಿಗಾಗಿ. ಅದರ ನಂತರದ ತಲೆಮಾರಾದ ಫ್ಯಾಟ್32 ಬಂದದ್ದು 1996ರಲ್ಲಿ, ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯೊಡನೆ. ಇಷ್ಟು ಹಳೆಯದಾದ ಕಾರಣಕ್ಕೇ ಅದು ಎಲ್ಲರಿಗೂ ಗೊತ್ತು. ಟಿವಿ, ಕಾರಿನ ಸ್ಟೀರಿಯೊ, ಡಿಜಿಟಲ್ ಫೋಟೊ ಫ್ರೇಮ್, ಪ್ರಿಂಟರ್, ಹದಿನೈದು ವರ್ಷ ಹಿಂದಿನ ಫೋಟೊ ಪೆಟ್ಟಿಗೆ, ಯಾವುದೇ ಆಗಲಿ ಫ್ಯಾಟ್32 ಓದದ ಯಂತ್ರ ಸಿಗುವುದು ಕಷ್ಟ.

ಅದರ ದೊಡ್ಡ ಮಿತಿ ಫೈಲ್‌ನ ಗಾತ್ರ. ಒಂದು ಫೈಲ್‌ನ ಅಳತೆಯನ್ನು ಬರೆಯಲು ಅದರಲ್ಲಿ 32 ಬಿಟ್‌ಗಳ ಜಾಗ ಮಾತ್ರ ಇರುವುದರಿಂದ 4 ಜಿಬಿಗೆ ಒಂದು ಬೈಟ್ ಕಡಿಮೆ ಇರುವಷ್ಟಕ್ಕೆ ಫೈಲ್ ನಿಲ್ಲಬೇಕು. ಫೋಟೊಗೆ ಇದು ತಾಗುವುದಿಲ್ಲ, ವಿಡಿಯೊಗೆ ತಾಗುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ಗತಿಯ 4ಕೆ ವಿಡಿಯೊ ಐದೂಮುಕ್ಕಾಲು ನಿಮಿಷದೊಳಗೆ ಈ ಗೆರೆ ಮುಟ್ಟುತ್ತದೆ. ಮದುವೆಯ ವಿಡಿಯೊವನ್ನು ಸ್ಟುಡಿಯೊದವರು ಒಂದೇ ಫೈಲ್ ಮಾಡಿ ಪೆನ್ ಡ್ರೈವ್‌ಗೆ ಹಾಕಿಕೊಡಲು ಹೋದಾಗ, ಡ್ರೈವ್‌ನಲ್ಲಿ ಬೇಕಾದಷ್ಟು ಜಾಗ ಖಾಲಿ ಇದ್ದರೂ ಫೈಲ್ ದೊಡ್ಡದಾಯಿತೆಂಬ ಸಂದೇಶ ಬರುವುದು ಇದೇ ಕಾರಣಕ್ಕೆ. ಅದೇ ಡ್ರೈವನ್ನು ಎನ್‌ಟಿಎಫ್‌ಎಸ್ ಮಾಡಿ ಕೊಟ್ಟರೆ ವಿಡಿಯೊ ಏರುತ್ತದೆ, ಆದರೆ ಮದುಮಗಳ ಮನೆಯ ಟಿವಿ ಅದನ್ನು ಓದುತ್ತದೆಂಬ ಭರವಸೆಯಿಲ್ಲ.

ಫ್ಯಾಟ್32ರ ಇನ್ನೊಂದು ಮಿತಿ ನಿಜಕ್ಕೂ ಅದರದ್ದಲ್ಲ. ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿಯಲ್ಲಿ 32 ಜಿಬಿಗಿಂತ ದೊಡ್ಡ ಡಿಸ್ಕ್‌ಗೆ ಫ್ಯಾಟ್32 ಆಯ್ಕೆಯೇ ಕಾಣಿಸದೆ ಜನ ದಶಕಗಳಿಂದ ತಲೆ ಕೆರೆದುಕೊಂಡಿದ್ದಾರೆ. 512 ಬೈಟ್‌ನ ಸೆಕ್ಟರ್ ಇದ್ದರೂ ಆ ಪದ್ಧತಿಗೆ 2 ಟಿಬಿವರೆಗೆ ಹೋಗುವ ಶಕ್ತಿಯಿದೆ. ಆ ಕಿಟಕಿಯನ್ನು ಬರೆದ ಮೈಕ್ರೋಸಾಫ್ಟ್‌ನ ಮಾಜಿ ಎಂಜಿನಿಯರ್ ಡೇವ್ ಪ್ಲಮ್ಮರ್ 2024ರಲ್ಲಿ ಬಹಿರಂಗವಾಗಿ ಹೇಳಿಕೊಂಡಂತೆ, 1990ರ ದಶಕದ ಮಧ್ಯದಲ್ಲಿ ವಿಂಡೋಸ್ ಎನ್‌ಟಿಗಾಗಿ ಅದನ್ನು ತಾತ್ಕಾಲಿಕವೆಂದು ಮಾಡಿಟ್ಟದ್ದು, 32 ಜಿಬಿ ಎಂಬುದು ಅವರೇ ಅಂದು ನಿಗದಿ ಮಾಡಿದ ಅಂಕಿ. ಅಂದಿನ ಡಿಸ್ಕ್‌ಗಳ ಎದುರು ಅದು ಊಹೆಗೂ ಮೀರಿದ ಗಾತ್ರ. ತಾತ್ಕಾಲಿಕವೆಂದು ಹಾಕಿದ ಚಪ್ಪರ ಮೂವತ್ತು ವರ್ಷ ನಿಂತಿತು. 2024ರ ಆಗಸ್ಟ್‌ನಲ್ಲಿ ಹೊರಬಂದ ವಿಂಡೋಸ್ 11ರ ಪರೀಕ್ಷಾ ಆವೃತ್ತಿಯೊಂದರಲ್ಲಿ, ಅದೂ ಕಮಾಂಡ್ ಬರೆದು ಮಾಡುವ ಫಾರ್ಮ್ಯಾಟ್‌ಗೆ ಮಾತ್ರ, ಈ ಮಿತಿ 2 ಟಿಬಿಗೆ ಏರಿತು.

ಎನ್‌ಟಿಎಫ್‌ಎಸ್ 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆಗೆ ಬಂತು. ಗಟ್ಟಿಮುಟ್ಟಾದ ಪದ್ಧತಿ. ಮಾಡಬೇಕಾದ ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಂಡು ಆಮೇಲೆ ಮಾಡುವುದರಿಂದ ನಡುವೆ ಕರೆಂಟು ಹೋದರೂ ಲೆಕ್ಕ ಕೆಡುವುದು ಕಡಿಮೆ. ಆದರೆ ಅದು ವಿಂಡೋಸ್‌ನ ಮನೆಮಗ. ಮ್ಯಾಕ್ ಅದನ್ನು ಓದುತ್ತದೆ, ಬರೆಯುವುದಿಲ್ಲ. ಫೋನುಗಳಿಗೂ ಫೋಟೊ ಪೆಟ್ಟಿಗೆಗಳಿಗೂ ಬಹುತೇಕ ಅದರ ಪರಿಚಯವಿಲ್ಲ. ಆಪಲ್‌ನ ಎಚ್‌ಎಫ್‌ಎಸ್ ಪ್ಲಸ್ (1998) ಮತ್ತು ಎಪಿಎಫ್‌ಎಸ್ (2017) ಕೂಡ ಹಾಗೆಯೇ ಆಪಲ್ ಬೀದಿ ಬಿಟ್ಟು ಹೊರಗೆ ಬರುವುದಿಲ್ಲ. ಲಿನಕ್ಸ್‌ನ ಎಕ್ಸ್‌ಟ್4 ಈ ಕೆಲಸಕ್ಕೆ ಲೆಕ್ಕಕ್ಕೇ ಇಲ್ಲ.

ಇವೆಲ್ಲದರ ನಡುವೆ ರಾಜಿಯಾಗಿ ಬಂದದ್ದು ಎಕ್ಸ್‌ಫ್ಯಾಟ್. ಮೈಕ್ರೋಸಾಫ್ಟ್ ಅದನ್ನು 2006ರಲ್ಲಿ ಸಣ್ಣ ಸಾಧನಗಳಿಗಾಗಿ ರೂಪಿಸಿತು. 4 ಜಿಬಿ ಮಿತಿಯಿಲ್ಲ, ಎನ್‌ಟಿಎಫ್‌ಎಸ್‌ನ ಭಾರವಿಲ್ಲ. 2009ರಲ್ಲಿ ಎಸ್‌ಡಿಎಕ್ಸ್‌ಸಿ ಕಾರ್ಡ್‌ಗಳ ಮಾನದಂಡ ಬಂದಾಗ 32 ಜಿಬಿಗಿಂತ ದೊಡ್ಡ ಕಾರ್ಡ್‌ಗಳಿಗೆ ಇದೇ ಪದ್ಧತಿ ಎಂದು ನಿಗದಿಯಾಯಿತು. 2010ರ ಕೊನೆಗೆ ಮ್ಯಾಕ್ ಕೂಡ ಅದನ್ನು ಓದಿ ಬರೆಯಲು ಕಲಿಯಿತು. ಹಾಗಿದ್ದರೂ ಎಷ್ಟೋ ಫೋಟೊ ಪೆಟ್ಟಿಗೆಗಳು, ಟಿವಿಗಳು, ಫೋನುಗಳು ಅದನ್ನು ದೂರ ಇಟ್ಟದ್ದಕ್ಕೆ ಕಾರಣ ತಂತ್ರಜ್ಞಾನವಲ್ಲ, ಪೇಟೆಂಟ್. ಎಕ್ಸ್‌ಫ್ಯಾಟ್ ಬಳಸಬೇಕಾದರೆ ಮೈಕ್ರೋಸಾಫ್ಟ್‌ಗೆ ಶುಲ್ಕ ಕಟ್ಟಬೇಕಿತ್ತು. ಅಗ್ಗದ ಸಾಧನ ಮಾಡುವವರು ಆ ಖರ್ಚಿಗೆ ಹೋಗಲಿಲ್ಲ. 2019ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಅದರ ವಿವರಗಳನ್ನು ಪ್ರಕಟಿಸಿ ಲಿನಕ್ಸ್‌ಗೆ ಸೇರಿಸಿಕೊಳ್ಳಲು ಒಪ್ಪಿತು, ಅದೇ ವರ್ಷದ ನವೆಂಬರ್‌ನಲ್ಲಿ ಲಿನಕ್ಸ್ ಕರ್ನೆಲ್ 5.4ರಲ್ಲಿ ಅದರ ಮೊದಲ ರೂಪ ಬಂತು. ಇಂಥ ಪೆಟ್ಟಿಗೆಗಳಲ್ಲಿ ಎಷ್ಟೋ ಒಳಗೆ ಲಿನಕ್ಸನ್ನೇ ಓಡಿಸುವುದರಿಂದ, ಸಾಧನದ ವಯಸ್ಸು ನೋಡಿದರೆ ಅದು ಎಕ್ಸ್‌ಫ್ಯಾಟ್ ಒಪ್ಪುತ್ತದೋ ಇಲ್ಲವೋ ಎಂದು ಅರ್ಧ ಊಹಿಸಬಹುದು. ಇನ್ನರ್ಧಕ್ಕೆ ಅದರ ಕೈಪಿಡಿ ನೋಡಬೇಕು.

ಯಾವುದನ್ನು ಆರಿಸುವುದು

ನಿಯಮ ಸರಳ. ಡಿಸ್ಕ್ ಹಾದುಹೋಗುವ ದಾರಿಯಲ್ಲಿ ಯಾವ ಸಾಧನ ಎಲ್ಲಕ್ಕಿಂತ ದಡ್ಡದೋ ಅದರ ಮಾತು ನಡೆಯಬೇಕು. ಮನೆಯ ಕಂಪ್ಯೂಟರ್ ಏನು ಬೇಕಾದರೂ ಓದೀತು, ಅದನ್ನು ನೋಡಿ ತೀರ್ಮಾನಿಸಬಾರದು. ಕೈಪಿಡಿಯಲ್ಲಿ ಎಕ್ಸ್‌ಫ್ಯಾಟ್ ಹೆಸರಿದ್ದರೆ ಅದನ್ನೇ ಮಾಡುವುದು, ಬೇರೆ ಯೋಚನೆ ಬೇಡ. ಇಲ್ಲದಿದ್ದರೆ ಫ್ಯಾಟ್32. ಸಾಧನದ ಮೆನುವಿನಲ್ಲೇ ಫಾರ್ಮ್ಯಾಟ್ ಎಂಬ ಆಯ್ಕೆ ಇದ್ದರಂತೂ ಕಂಪ್ಯೂಟರ್‌ನ ಗೊಡವೆಯೇ ಬೇಡ, ಅದರ ಕೈಯಿಂದಲೇ ಮಾಡಿಸುವುದು ಎಲ್ಲಕ್ಕಿಂತ ಒಳ್ಳೆಯದು. ಕ್ಯಾಮೆರಾದ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಬೇಕೆಂದು ಅನುಭವಸ್ಥರು ಹೇಳುವುದೂ ಇದೇ ತರ್ಕದಿಂದ.

ಐಫೋನ್, ಐಪ್ಯಾಡ್‌ಗಳು 2019ರಿಂದ ಎಕ್ಸ್‌ಟರ್ನಲ್ ಡಿಸ್ಕ್ ತೆಗೆದುಕೊಳ್ಳುತ್ತವೆ. ಆಪಲ್ ಕೊಡುವ ಪಟ್ಟಿಯಲ್ಲಿ ಎಪಿಎಫ್‌ಎಸ್, ಎಚ್‌ಎಫ್‌ಎಸ್ ಪ್ಲಸ್, ಎಕ್ಸ್‌ಫ್ಯಾಟ್, ಫ್ಯಾಟ್32 ಇವೆ, ಎನ್‌ಟಿಎಫ್‌ಎಸ್ ಇಲ್ಲ. ಡಿಸ್ಕನ್ನು ಭಾಗ ಮಾಡಿರಬಾರದು, ಒಂದೇ ಪಾರ್ಟಿಷನ್ ಇರಬೇಕೆಂಬ ಷರತ್ತೂ ಇದೆ. ಆಂಡ್ರಾಯ್ಡ್‌ನಲ್ಲಿ ಫ್ಯಾಟ್32 ನಡೆಯುತ್ತದೆ, ಎಕ್ಸ್‌ಫ್ಯಾಟ್ ಫೋನ್ ತಯಾರಿಸಿದವರ ಇಚ್ಛೆ. ಐಫೋನ್ 15 ಪ್ರೊನಿಂದ ನೇರವಾಗಿ ಡಿಸ್ಕ್‌ಗೆ ಪ್ರೊರೆಸ್ ವಿಡಿಯೊ ಬರೆಸಬೇಕೆಂದರೆ ಡಿಸ್ಕ್ ಎಕ್ಸ್‌ಫ್ಯಾಟ್ ಅಥವಾ ಎಪಿಎಫ್‌ಎಸ್ ಆಗಿರಬೇಕು, ಸೆಕೆಂಡಿಗೆ ಕನಿಷ್ಠ 220 ಎಂಬಿ ಬರೆಯಬೇಕು. ತಿರುಗುವ ತಟ್ಟೆಯ 2.5 ಇಂಚಿನ ಡಿಸ್ಕ್‌ಗಳಿಗೆ ಆ ವೇಗ ದಕ್ಕುವುದಿಲ್ಲ, ಅಲ್ಲಿ ತಟ್ಟೆಯ ಬದಲು ಚಿಪ್ಪಿರುವ ಎಸ್‌ಎಸ್‌ಡಿಯೇ ಬೇಕು.

ಪಾಸ್‌ವರ್ಡ್ ಹಾಕಿ ಬೀಗ ಜಡಿದ ಡಿಸ್ಕ್ ಈ ಕೆಲಸಕ್ಕೆ ಒಗ್ಗುವುದಿಲ್ಲ. ವಿಂಡೋಸ್‌ನ ಬಿಟ್‌ಲಾಕರ್ ಆಗಲಿ ಡಿಸ್ಕ್ ಕಂಪನಿಯ ಸ್ವಂತ ಬೀಗ ಆಗಲಿ, ಅದನ್ನು ತೆಗೆಯುವ ತಂತ್ರಾಂಶ ಫೋಟೊ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಫಾರ್ಮ್ಯಾಟ್‌ಗೆ ಮುಂಚೆ ಬೀಗ ತೆಗೆದಿರಬೇಕು.

ಫಾರ್ಮ್ಯಾಟ್‌ಗೆ ಮುಂಚೆ

ಡಿಸ್ಕ್‌ನಲ್ಲಿ ಮೊದಲೇ ಏನಾದರೂ ಇದ್ದರೆ ಅದನ್ನು ಬೇರೆಡೆ ನಕಲು ಮಾಡಿ, ನಕಲು ತೆರೆದು ನೋಡಿ, ಆಮೇಲೆ ಮುಂದುವರಿಯಬೇಕು. ಇದನ್ನು ಎಲ್ಲರೂ ಹೇಳುತ್ತಾರೆ, ಎಲ್ಲರೂ ಕೇಳುತ್ತಾರೆ, ಆದರೂ ಡೇಟಾ ರಿಕವರಿ ಅಂಗಡಿಗಳ ವ್ಯಾಪಾರ ಕುಂದಿಲ್ಲ. ಹೊಸ ಡಿಸ್ಕ್‌ನಲ್ಲಿ ಕಂಪನಿಯವರು ತುಂಬಿರುವ ಬ್ಯಾಕಪ್ ತಂತ್ರಾಂಶ, ಕೈಪಿಡಿಗಳು ಅಳಿಸಿಹೋಗುತ್ತವೆ. ಅವು ಕಂಪನಿಯ ತಾಣದಲ್ಲಿ ಸಿಗುವುದರಿಂದ ನಷ್ಟವೇನಿಲ್ಲ.

ಇನ್ನೊಂದು ವಿಷಯ ಇಲ್ಲೇ ಬಗೆಹರಿಯಬೇಕು. ಸಾಧನ ಡಿಸ್ಕನ್ನು ಗುರುತಿಸದಿರುವುದಕ್ಕೆ ಫಾರ್ಮ್ಯಾಟ್ ಮಾತ್ರ ಕಾರಣವಲ್ಲ, ವಿದ್ಯುತ್ ಸಾಲದೆಯೂ ಇರಬಹುದು. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3.0 ಕೊಡುವುದು 900. ತಟ್ಟೆ ತಿರುಗಲು ಶುರುವಾಗುವ ಆ ಒಂದೆರಡು ಕ್ಷಣಗಳಲ್ಲಿ ಡಿಸ್ಕ್ ಅತಿ ಹೆಚ್ಚು ಕರೆಂಟು ಎಳೆಯುತ್ತದೆ. ಫೋನು ಅಷ್ಟು ಕೊಡಲಾರದೆ ಹೋದರೆ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡಿ ಸುಮ್ಮನಾಗುತ್ತದೆ. ಇಂಥ ಡಿಸ್ಕ್‌ಗೆ ಹತ್ತು ಸಲ ಫಾರ್ಮ್ಯಾಟ್ ಹೊಡೆದರೂ ಫಲವಿಲ್ಲ. ಚಾರ್ಜರ್ ಸಿಕ್ಕಿಸಬಹುದಾದ ಹಬ್ ಬೇಕು. ಕಂಪ್ಯೂಟರ್‌ನಲ್ಲಿ ಸರಾಗವಾಗಿ ನಡೆಯುವ ಡಿಸ್ಕ್ ಫೋನಿನಲ್ಲಿ ಸದ್ದು ಮಾಡುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಡಿಸ್ಕ್‌ನ ಗಾತ್ರ ಕಡಿಮೆ ಕಂಡರೆ ಗಾಬರಿ ಬೇಡ. ಪೆಟ್ಟಿಗೆಯ ಮೇಲೆ 1 ಟಿಬಿ ಎಂದು ಬರೆದವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಹಾಗಾಗಿ ಪರದೆಯಲ್ಲಿ 931 ಜಿಬಿ ಎಂದು ಕಾಣುತ್ತದೆ. ಮ್ಯಾಕ್‌ನಲ್ಲಿ ಅದೇ ಡಿಸ್ಕ್ ಪೂರ್ತಿ 1 ಟಿಬಿ. ನಂಬಲಾಗದಷ್ಟು ಅಗ್ಗಕ್ಕೆ ಸಿಕ್ಕಿದ, ಹೆಸರಿಲ್ಲದ ಡಿಸ್ಕ್ ಆದರೆ ಮಾತು ಬೇರೆ. 32 ಜಿಬಿ ಚಿಪ್ಪಿಗೆ 2 ಟಿಬಿ ಎಂದು ಸುಳ್ಳು ಹೇಳಲು ಕಲಿಸಿ ಮಾರುವ ದಂಧೆ ಇದೆ. ಎಚ್2ಟೆಸ್ಟ್‌ಡಬ್ಲ್ಯು, ಎಫ್3 ಮೊದಲಾದ ಉಚಿತ ತಂತ್ರಾಂಶಗಳು ಡಿಸ್ಕ್ ತುಂಬ ಬರೆದು, ಮತ್ತೆ ಓದಿ, ನಿಜ ಹೇಳುತ್ತವೆ.

ಕೆಲಸ ಮಾಡುವ ಬಗೆ

ವಿಂಡೋಸ್‌ನಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು, ಡಿಸ್ಕ್‌ನ ಚಿತ್ರದ ಮೇಲೆ ಬಲಗುಂಡಿ ಒತ್ತಿದರೆ ಫಾರ್ಮ್ಯಾಟ್ ಎಂಬ ಆಯ್ಕೆ ಬರುತ್ತದೆ. ಎಕ್ಸ್‌ಫ್ಯಾಟ್ ಮಾಡುವುದಾದರೆ ಬಹುಪಾಲು ಇಷ್ಟೇ ಸಾಕು. ಡಿಸ್ಕ್‌ನಲ್ಲಿ ಒಂದಕ್ಕಿಂತ ಹೆಚ್ಚು ಪಾರ್ಟಿಷನ್ ಇದ್ದರೆ, ಅಥವಾ ಮೊದಲು ಮ್ಯಾಕ್‌ನಲ್ಲಿ ಬಳಸಿದ ಡಿಸ್ಕ್ ಆಗಿದ್ದರೆ, ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಉಪಕರಣಕ್ಕೆ ಹೋಗಬೇಕು. ಸ್ಟಾರ್ಟ್ ಗುಂಡಿಯ ಮೇಲೆ ಬಲಗುಂಡಿ ಒತ್ತಿದರೆ ಬರುವ ಪಟ್ಟಿಯಲ್ಲಿ ಅದು ಇದೆ. ಅಲ್ಲಿ ಎಲ್ಲ ಡಿಸ್ಕ್‌ಗಳೂ ಸೊನ್ನೆಯಿಂದ ಶುರುವಾಗುವ ಅಂಕಿಗಳೊಡನೆ ಸಾಲಾಗಿ ಕಾಣುತ್ತವೆ. ಸಾಮಾನ್ಯವಾಗಿ ಡಿಸ್ಕ್ 0 ಎಂಬುದು ಕಂಪ್ಯೂಟರ್‌ನದೇ ಡಿಸ್ಕ್, ಆದರೆ ಅಂಕಿಯನ್ನಷ್ಟೇ ನಂಬಬಾರದು. ಬೇಕಾದದ್ದು ಯಾವುದೆಂದು ಗಾತ್ರ ನೋಡಿ ಗುರುತಿಸಬೇಕು. ಅನುಮಾನವಿದ್ದರೆ ಕೇಬಲ್ ಕಿತ್ತು ಯಾವ ಸಾಲು ಮಾಯವಾಗುತ್ತದೆಂದು ನೋಡಬೇಕು. ಬೇರೆ ಎಲ್ಲ ಎಕ್ಸ್‌ಟರ್ನಲ್ ಡಿಸ್ಕ್‌ಗಳನ್ನೂ ಪೆನ್ ಡ್ರೈವ್‌ಗಳನ್ನೂ ತೆಗೆದಿಟ್ಟು ಕೂರುವುದು ಇನ್ನೂ ಕ್ಷೇಮ. ಹಳೆಯ ಪಾರ್ಟಿಷನ್‌ಗಳನ್ನು ಅಳಿಸಿ, ಖಾಲಿಯಾದ ಜಾಗದಲ್ಲಿ ಹೊಸ ಸಿಂಪಲ್ ವಾಲ್ಯೂಮ್ ಮಾಡಿದರೆ ಮುಗಿಯಿತು. ಡಿಸ್ಕ್‌ಪಾರ್ಟ್ ಎಂಬ ಕಮಾಂಡ್ ಉಪಕರಣವೂ ಇದೆ. ಅದು ಎರಡನೆಯ ಸಲ ಕೇಳುವುದಿಲ್ಲ. ತಪ್ಪು ಅಂಕಿ ಒತ್ತಿದರೆ ತಪ್ಪು ಡಿಸ್ಕ್ ಬರಿದಾಗುತ್ತದೆ.

ಫ್ಯಾಟ್32 ಬೇಕಾಗಿದ್ದು ಡಿಸ್ಕ್ 32 ಜಿಬಿಗಿಂತ ದೊಡ್ಡದಿದ್ದರೆ ರೂಫಸ್‌ನಂಥ ಉಚಿತ ತಂತ್ರಾಂಶದ ಮೊರೆ ಹೋಗಬೇಕು, ಇಲ್ಲವೇ ಸ್ನೇಹಿತರ ಮ್ಯಾಕ್ ಬಳಸಬೇಕು. ಮ್ಯಾಕ್‌ಗೆ ಈ ಮಿತಿ ಇಲ್ಲ.

ಮ್ಯಾಕ್‌ನಲ್ಲಿ ಉಪಕರಣದ ಹೆಸರು ಡಿಸ್ಕ್ ಯುಟಿಲಿಟಿ. ಅಲ್ಲಿ ಎಲ್ಲ ಸಾಧನಗಳನ್ನೂ ತೋರಿಸು ಎಂಬ ಆಯ್ಕೆಯನ್ನು ಮೊದಲು ಒತ್ತಬೇಕು. ಇಲ್ಲದಿದ್ದರೆ ಪಾರ್ಟಿಷನ್ ಮಾತ್ರ ಕಾಣುತ್ತದೆ, ಅದರ ಮೇಲಿರುವ ಇಡೀ ಡಿಸ್ಕ್ ಕಾಣುವುದಿಲ್ಲ. ಡಿಸ್ಕ್ ಆರಿಸಿ ಇರೇಸ್ ಒತ್ತಿದರೆ ಫಾರ್ಮ್ಯಾಟ್ ಯಾವುದು, ಸ್ಕೀಮ್ ಯಾವುದು ಎಂದು ಕೇಳುತ್ತದೆ. ಎಂಎಸ್-ಡಾಸ್ ಫ್ಯಾಟ್ ಎಂದು ಅಲ್ಲಿ ಬರೆದಿರುವುದೇ ಫ್ಯಾಟ್32. ಲಿನಕ್ಸ್ ಬಳಸುವವರಿಗೆ ಜಿಪಾರ್ಟೆಡ್ ಇದೆ, ಅವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಸ್ಕೀಮ್ ಎಂಬ ಆ ಎರಡನೆಯ ಪ್ರಶ್ನೆಯಲ್ಲೇ ಬಹಳ ಜನ ಎಡವುವುದು. ಫೈಲ್ ಸಿಸ್ಟಮ್‌ಗಿಂತ ಒಂದು ಮೆಟ್ಟಿಲು ಮೇಲೆ, ಡಿಸ್ಕ್‌ನಲ್ಲಿ ಎಷ್ಟು ಪಾರ್ಟಿಷನ್ ಇವೆ, ಎಲ್ಲಿ ಶುರು, ಎಲ್ಲಿ ಕೊನೆ ಎಂಬ ಇನ್ನೊಂದು ಪಟ್ಟಿ ಇರುತ್ತದೆ. ಅದರಲ್ಲಿ ಎರಡು ಬಗೆ: 1980ರ ದಶಕದಿಂದ ಬಂದ ಎಂಬಿಆರ್, ಅನಂತರದ ಜಿಪಿಟಿ. ಎರಡನೆಯದಕ್ಕೂ ಈಗ ಎಲ್ಲರ ಬಾಯಲ್ಲಿರುವ ಚಾಟ್‌ಬಾಟ್‌ಗೂ ಹೆಸರಿನ ನಂಟು ಬಿಟ್ಟರೆ ಬೇರೇನಿಲ್ಲ. ಎಂಬಿಆರ್ 2 ಟಿಬಿವರೆಗೆ ಮಾತ್ರ ಎಣಿಸಬಲ್ಲದು, ಆದರೆ ಹಳೆಯ ಸಾಧನಗಳಿಗೆ ಅದೊಂದೇ ಗೊತ್ತು. ಮ್ಯಾಕ್‌ನಲ್ಲಿ ಜಿಪಿಟಿ ಆರಿಸಿದರೆ ಡಿಸ್ಕ್‌ನ ತಲೆಯಲ್ಲಿ 200 ಎಂಬಿಯ ಗುಟ್ಟಿನ ಪಾರ್ಟಿಷನ್ ಒಂದು ಹುಟ್ಟುತ್ತದೆ, ಅದೂ ಫ್ಯಾಟ್32 ರೂಪದಲ್ಲಿ. ಮೊದಲ ಪಾರ್ಟಿಷನ್ ಮಾತ್ರ ನೋಡುವ ಸಾಧನ ಅದನ್ನೇ ಡಿಸ್ಕ್ ಎಂದು ತಿಳಿದು, ಟೆರಾಬೈಟ್ ಡಿಸ್ಕ್‌ನಲ್ಲಿ 200 ಎಂಬಿ ಜಾಗವಿದೆ ಎಂದು ತೋರಿಸುವುದುಂಟು. ಎರಡು ಟಿಬಿ ಒಳಗಿನ ಡಿಸ್ಕ್ ಫೋಟೊ ಪೆಟ್ಟಿಗೆಗೆ ಹೋಗುವುದಾದರೆ ಎಂಬಿಆರ್ ಆರಿಸುವುದೇ ಜಾಣತನ. ಅದಕ್ಕಿಂತ ದೊಡ್ಡ ಡಿಸ್ಕ್ ಹಳೆಯ ಸಾಧನಕ್ಕೆ ತರುವ ಮೊದಲು ಎರಡು ಸಲ ಯೋಚಿಸಬೇಕು.

ವಿಂಡೋಸ್ ಕೇಳುವ ಅಲೊಕೇಷನ್ ಯೂನಿಟ್ ಎಂದರೆ ಹಿಂದೆ ಹೇಳಿದ ಕ್ಲಸ್ಟರ್‌ನ ಗಾತ್ರ. ಡೀಫಾಲ್ಟ್ ಎಂದು ಬಿಟ್ಟರೆ 32 ಜಿಬಿ ಮೀರಿದ ಡಿಸ್ಕ್‌ಗೆ ಎಕ್ಸ್‌ಫ್ಯಾಟ್‌ನಲ್ಲಿ 128 ಕೆಬಿ ಸಿಗುತ್ತದೆ. ಪ್ರತಿ ಫೈಲ್‌ನ ಕೊನೆಯ ತುಂಡಿನಲ್ಲಿ ಸರಾಸರಿ ಅರ್ಧ ಜಾಗ ಪೋಲಾಗುವುದರಿಂದ ಹತ್ತು ಸಾವಿರ ಫೋಟೊಗೆ ಸುಮಾರು 640 ಎಂಬಿ ನಷ್ಟ. ಟೆರಾಬೈಟ್ ಲೆಕ್ಕದಲ್ಲಿ ಅದು ನಗಣ್ಯ. ಫೋಟೊ ತಿದ್ದುವ ತಂತ್ರಾಂಶಗಳು ಪ್ರತಿ ಚಿತ್ರದ ಪಕ್ಕ ಬರೆದಿಡುವ ಎರಡು ಮೂರು ಕೆಬಿಯ ಪುಟ್ಟ ಫೈಲ್‌ಗಳೂ ತಲಾ 128 ಕೆಬಿ ನುಂಗುತ್ತವೆ ಎಂಬುದಷ್ಟೇ ನೆನಪಿರಲಿ. ಫ್ಯಾಟ್32ರಲ್ಲಿ 32 ಕೆಬಿ ಒಳ್ಳೆಯ ಆಯ್ಕೆ. ಹಾಗೆ ಮಾಡಿದ 1 ಟಿಬಿ ಡಿಸ್ಕ್‌ನಲ್ಲಿ ಮೂರು ಕೋಟಿಗೂ ಹೆಚ್ಚು ಕ್ಲಸ್ಟರ್‌ಗಳಿರುತ್ತವೆ, ಅವುಗಳ ಪಟ್ಟಿಯೇ 122 ಎಂಬಿ. ಮೆಮೊರಿ ಕಡಿಮೆಯಿರುವ ಹಳೆಯ ಪೆಟ್ಟಿಗೆಗೆ ದೊಡ್ಡ ಡಿಸ್ಕ್ ಸಿಕ್ಕಿಸಿದಾಗ ಅದು ನಿಮಿಷಗಟ್ಟಲೆ ತಡಕಾಡುತ್ತಾ ಕೂರುವುದಕ್ಕೆ ಈ ಉದ್ದನೆಯ ಪಟ್ಟಿಯೂ ಒಂದು ಕಾರಣ.

ಡಿಸ್ಕ್‌ಗೆ ಇಡುವ ಹೆಸರು 11 ಅಕ್ಷರ ಮೀರುವ ಹಾಗಿಲ್ಲ. ಫ್ಯಾಟ್32ರಲ್ಲಿ ಅದು ಇಂಗ್ಲಿಷ್ ಲಿಪಿಯಲ್ಲಿ ಇದ್ದರೆ ಒಳ್ಳೆಯದು, ಅಲ್ಲಿ ಯೂನಿಕೋಡ್‌ಗೆ ಎಡೆಯಿಲ್ಲ. ಫೋಲ್ಡರ್‌ಗಳ ಹೆಸರು ಕನ್ನಡದಲ್ಲಿ ಇಡಲು ಫ್ಯಾಟ್32, ಎಕ್ಸ್‌ಫ್ಯಾಟ್ ಎರಡರಲ್ಲೂ ಅಡ್ಡಿಯಿಲ್ಲ. ಆದರೆ ಕನ್ನಡದ ಫಾಂಟ್ ಇಲ್ಲದ ಪೆಟ್ಟಿಗೆಯ ಪರದೆಯಲ್ಲಿ ಬರೀ ಚೌಕಗಳು ಕಾಣುತ್ತವೆ. ಆ ಫೋಲ್ಡರ್‌ಗಳನ್ನು ಮುಂದೆ ಲಿನಕ್ಸ್ ಡಿಸ್ಕ್‌ಗೆ ಸಾಗಿಸುವುದಾದರೆ, ಅಲ್ಲಿ ಹೆಸರಿನ ಮಿತಿ 255 ಬೈಟ್, ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ಕಾಗುಣಿತ, ಒತ್ತುಗಳೂ ಪ್ರತ್ಯೇಕ ಚಿಹ್ನೆಗಳೇ. ತೀರಾ ಉದ್ದನೆಯ ಹೆಸರು ಬೇಡ ಎಂಬುದಕ್ಕೆ ಇಷ್ಟು ಕಾರಣ ಸಾಕು.

ತುಂಬುವುದು, ಕೀಳುವುದು

ಫಾರ್ಮ್ಯಾಟ್ ಆದ ಡಿಸ್ಕನ್ನು ಪ್ರವಾಸಕ್ಕೆ ಹೊರಡುವ ಹಿಂದಿನ ರಾತ್ರಿ ಅಲ್ಲ, ವಾರದ ಮೊದಲೇ ಸಾಧನಕ್ಕೆ ಸಿಕ್ಕಿಸಿ ನೋಡಬೇಕು. ಒಂದು ಕಾರ್ಡಿನ ಚಿತ್ರಗಳನ್ನು ನಕಲು ಮಾಡಿ, ಡಿಸ್ಕ್ ಕಿತ್ತು ಕಂಪ್ಯೂಟರ್‌ಗೆ ಹಾಕಿ, ನಾಲ್ಕಾರು ಚಿತ್ರಗಳನ್ನು ಪೂರ್ಣ ಗಾತ್ರದಲ್ಲಿ ತೆರೆಯಬೇಕು. ಪೆಟ್ಟಿಗೆಯ ಪರದೆಯಲ್ಲಿ ಕಾಣುವ ಪುಟ್ಟ ಚಿತ್ರ ಫೈಲ್‌ನ ಒಳಗೇ ಅಡಗಿರುವ ಕಿರುಪ್ರತಿ. ದೊಡ್ಡ ಚಿತ್ರ ಕೆಟ್ಟಿದ್ದರೂ ಅದು ಚೆನ್ನಾಗಿ ಕಾಣಬಹುದು.

ಕ್ಯಾಮೆರಾಗಳೆಲ್ಲ ಡಿಸಿಐಎಂ ಎಂಬ ಒಂದೇ ಹೆಸರಿನ ಫೋಲ್ಡರ್ ಮಾಡುವುದು 1998ರಲ್ಲಿ ಜಪಾನಿನಲ್ಲಿ ರೂಪುಗೊಂಡ ನಿಯಮದ ಪ್ರಕಾರ. ಅದರಂತೆ ಫೈಲ್‌ನ ಹೆಸರಿನಲ್ಲಿ ನಾಲ್ಕು ಅಕ್ಷರ, ನಾಲ್ಕು ಅಂಕಿ. 9999 ಆದ ಮೇಲೆ ಮತ್ತೆ 0001. ಹಾಗಾಗಿ ಒಂದೇ ಹೆಸರಿನ ಎರಡು ಚಿತ್ರಗಳು ಎರಡು ಕಾರ್ಡ್‌ಗಳಲ್ಲಿ ಇರುವುದು ಸಹಜ. ಒಳ್ಳೆಯ ಪೆಟ್ಟಿಗೆಗಳು ಪ್ರತಿ ಕಾರ್ಡ್‌ಗೂ ಹೊಸ ಫೋಲ್ಡರ್ ಮಾಡುತ್ತವೆ. ಫೋನಿನಲ್ಲಿ ಕೈಯಾರೆ ನಕಲು ಮಾಡುವವರು ದಿನಾಂಕದ ಹೆಸರಿನ ಫೋಲ್ಡರ್ ಮಾಡಿ ಅದರೊಳಗೆ ಹಾಕಬೇಕು. ಹಳೆಯದರ ಮೇಲೆ ಬರೆಯಲೇ ಎಂದು ಕೇಳಿದಾಗ ನಿದ್ದೆಗಣ್ಣಿನಲ್ಲಿ ಹೂಂ ಎಂದರೆ ಮೊದಲಿನ ಚಿತ್ರ ಹೋಯಿತು.

ಮ್ಯಾಕ್‌ಗೆ ಒಮ್ಮೆ ಸಿಕ್ಕಿಸಿ ಬಂದ ಡಿಸ್ಕ್‌ನಲ್ಲಿ ಚುಕ್ಕೆ ಮತ್ತು ಅಡಿಗೆರೆಯಿಂದ ಶುರುವಾಗುವ ಹೆಸರಿನ ಚಿಲ್ಲರೆ ಫೈಲ್‌ಗಳು ಸೇರಿಕೊಂಡಿರುತ್ತವೆ. ಫೋಟೊ ಫ್ರೇಮು, ಟಿವಿಗಳು ಅವನ್ನೂ ಚಿತ್ರವೆಂದು ತಿಳಿದು ತೆರೆಯಲಾಗದ ಖಾಲಿ ಚೌಕ ತೋರಿಸುತ್ತವೆ. ಅವನ್ನು ಅಳಿಸಿದರೆ ಚಿತ್ರಗಳಿಗೆ ತೊಂದರೆಯಿಲ್ಲ.

ಎಕ್ಸ್‌ಫ್ಯಾಟ್‌ನ ನಿಜವಾದ ದೌರ್ಬಲ್ಯ ಕಾಣುವುದು ಕೀಳುವಾಗ. ಎನ್‌ಟಿಎಫ್‌ಎಸ್‌ನ ಹಾಗೆ ಅದಕ್ಕೆ ದಿನಚರಿಯಿಲ್ಲ. ಫ್ಯಾಟ್32ಗೂ ಇಲ್ಲ, ಆದರೆ ಅದು ತನ್ನ ಪಟ್ಟಿಯ ಎರಡು ಪ್ರತಿ ಇಟ್ಟುಕೊಳ್ಳುತ್ತದೆ. ಎಕ್ಸ್‌ಫ್ಯಾಟ್ ಸಾಮಾನ್ಯವಾಗಿ ಒಂದೇ ಪ್ರತಿಯಲ್ಲಿ ತೃಪ್ತ. ಬರೆಯುತ್ತಿರುವಾಗ ಕೇಬಲ್ ಎಳೆದರೆ, ಅಥವಾ ಪೆಟ್ಟಿಗೆಯ ಬ್ಯಾಟರಿ ಮುಗಿದರೆ, ಇಡೀ ಫೋಲ್ಡರ್ ಕಾಣದಂತಾಗಬಹುದು. 2018ರ ಕೊನೆಯ ವಿಂಡೋಸ್ 10 ಆವೃತ್ತಿಯಿಂದ ಎಕ್ಸ್‌ಟರ್ನಲ್ ಡಿಸ್ಕ್‌ಗಳಿಗೆ ಬರೆಯುವುದನ್ನು ತಡಮಾಡದ ವ್ಯವಸ್ಥೆ ಡೀಫಾಲ್ಟ್ ಆಗಿದೆ ನಿಜ. ಹಾಗೆಂದು ಇಜೆಕ್ಟ್ ಒತ್ತದೆ ಕೀಳುವುದು ಮ್ಯಾಕ್‌ಗೂ ಫೋಟೊ ಪೆಟ್ಟಿಗೆಗೂ ಒಗ್ಗುವ ಅಭ್ಯಾಸವಲ್ಲ. ಬ್ಯಾಟರಿ ಅರ್ಧಕ್ಕಿಂತ ಕಡಿಮೆಯಿದ್ದಾಗ ದೊಡ್ಡ ನಕಲು ಶುರು ಮಾಡದಿರುವುದು ಇದೇ ಕಾರಣಕ್ಕೆ ಒಳಿತು. ಎರಡನೆಯ ಪ್ರತಿ ಇನ್ನೊಂದು ಡಿಸ್ಕ್‌ನಲ್ಲಿ ಆಗುವವರೆಗೆ ಕಾರ್ಡ್ ಅಳಿಸುವುದು ಜೂಜು.

ತಪ್ಪು ಡಿಸ್ಕ್‌ಗೆ ಫಾರ್ಮ್ಯಾಟ್ ಬಿದ್ದರೆ

ಕ್ವಿಕ್ ಫಾರ್ಮ್ಯಾಟ್ ಆಗಿದ್ದು ಡಿಸ್ಕ್ ತಿರುಗುವ ತಟ್ಟೆಯದಾಗಿದ್ದರೆ ಕೆಲಸ ಪೂರ್ತಿ ಕೈಮೀರಿಲ್ಲ. ಆ ಕ್ಷಣದಿಂದ ಅದರ ಮೇಲೆ ಒಂದೇ ಒಂದು ಫೈಲ್ ಕೂಡ ಬರೆಯಬಾರದು, ರಿಕವರಿ ತಂತ್ರಾಂಶವನ್ನೂ ಅದರಲ್ಲಿ ಇಳಿಸಬಾರದು. ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಕಳೆದುಹೋದ ಪಾರ್ಟಿಷನ್ ಹುಡುಕುತ್ತದೆ. ಅದರ ಜೊತೆಗೇ ಬರುವ ಫೋಟೊರೆಕ್ ಲೆಕ್ಕದ ಪಟ್ಟಿಯನ್ನು ನೋಡುವುದೇ ಇಲ್ಲ. ಡಿಸ್ಕ್‌ನ ಒಂದೊಂದೇ ತುಂಡನ್ನು ಓದುತ್ತಾ ಹೋಗಿ, ಜೆಪೆಗ್ ಅಥವಾ ರಾ ಫೈಲ್‌ನ ತಲೆ ಕಂಡಲ್ಲಿಂದ ಬಾಲದವರೆಗೆ ಎತ್ತಿಕೊಳ್ಳುತ್ತದೆ. ಎತ್ತಿದ್ದನ್ನು ಇಡಲು ಬೇರೆ ಡಿಸ್ಕ್ ಬೇಕು.

ಎಸ್‌ಎಸ್‌ಡಿಯಲ್ಲಿ ಇಷ್ಟು ಭರವಸೆ ಇಲ್ಲ. ಟ್ರಿಮ್ ಎಂಬ ಆಜ್ಞೆ ಫಾರ್ಮ್ಯಾಟ್ ಜೊತೆಗೇ ಹೋಗಿದ್ದರೆ ಚಿಪ್ಪು ಹಳೆಯ ಬೈಟ್‌ಗಳನ್ನು ತಾನಾಗಿ ಒರೆಸಿಬಿಡುತ್ತದೆ. ಪೂರ್ಣ ಫಾರ್ಮ್ಯಾಟ್ ಆದ ಡಿಸ್ಕ್‌ನಿಂದ ಯಾವ ಪ್ರಯೋಗಾಲಯವೂ ಏನನ್ನೂ ತರಲಾರದು.

ಫೋಟೊರೆಕ್ ಮರಳಿಸಿದ ಚಿತ್ರಗಳಿಗೆ ಹಳೆಯ ಹೆಸರಾಗಲಿ ಫೋಲ್ಡರ್ ಆಗಲಿ ಇರುವುದಿಲ್ಲ. ಅವು ಅಳಿಸಿಹೋದ ಪಟ್ಟಿಯಲ್ಲಿ ಇದ್ದವು. ಆದರೆ ಚಿತ್ರ ತೆಗೆದ ದಿನ, ಹೊತ್ತು, ಕ್ಯಾಮೆರಾದ ಹೆಸರು ಎಕ್ಸಿಫ್ ಮಾಹಿತಿಯಾಗಿ ಫೈಲ್‌ನ ಒಳಗೇ ಇರುತ್ತವೆ. ಅವನ್ನು ಓದಿ ದಿನಾಂಕದ ಪ್ರಕಾರ ಸಾವಿರಾರು ಚಿತ್ರಗಳನ್ನು ಮತ್ತೆ ಜೋಡಿಸಿಕೊಡುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ.